ಸಣ್ಣ ಬಿಳಿ ಮಾತ್ರೆಗೆ ಹೆಸರೇನು?

ಜಪಾನಿನ ಕೋಬೆಯಲ್ಲಿ ಏನೇನು ನೋಡಿದಿರಿ ಅಂತ ಕೇಳಿದವರಿಗೆ ಬಂದರು ಅನ್ನುತ್ತೇನೆ, ಬೆಟ್ಟಕ್ಕೆ ಹೋಗುವ ರೋಪ್‌ವೇ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಆ ಊರಿನ ಹೆಸರೆತ್ತಿದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಒಂದು ಔಷಧಿ ಅಂಗಡಿ. ಕೌಂಟರ್ ಮುಂದೆ ಎರಡು ಕುರ್ಚಿ. ಒಂದರಲ್ಲಿ ಅಮ್ಮ. ಹೆಬ್ಬೆರಳ ತುದಿಗೆ ತೋರುಬೆರಳ ಉಗುರು ತಾಗಿಸಿ, "ಇಷ್ಟೇ ಇಷ್ಟು, ಬಿಳಿ" ಅಂತ ಕನ್ನಡದಲ್ಲೇ ಮಾತ್ರೆಯ ಅಳತೆ ತೋರಿಸುತ್ತಿದ್ದಾಳೆ.

ಅಲ್ಲಿಗೆ ಹೇಗೆ ಬಂದೆವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಹೊರಡುವ ಒಂದು ತಿಂಗಳ ಮುಂಚಿನಿಂದ ನಾನು ಔಷಧಿ ನಿಯಮಗಳನ್ನು ಓದಿ ಓದಿ ಹೆದರಿಕೊಂಡಿದ್ದೆ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು 290 ಟ್ರಮಡಾಲ್ ಮಾತ್ರೆ ಇಟ್ಟುಕೊಂಡು ಈಜಿಪ್ಟ್‌ಗೆ ಹೋಗಿ ಸಿಕ್ಕಿಬಿದ್ದರು. ಮೂರು ವರ್ಷ ಜೈಲು ಶಿಕ್ಷೆ. ಅದು ನೋವಿನ ಮಾತ್ರೆ ಅಷ್ಟೇ. 2015ರಲ್ಲಿ ಟೊಯೊಟಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರನ್ನು ಜಪಾನಿನಲ್ಲೇ ಹಿಡಿದರು. ಅಮೆರಿಕದಿಂದ ಪಾರ್ಸಲ್‌ನಲ್ಲಿ ಆಕ್ಸಿಕೋಡೋನ್ ಅನ್ನುವ ಬಲವಾದ ನೋವಿನ ಮಾತ್ರೆ ತರಿಸಿಕೊಂಡ ಅನುಮಾನ. ಕೊನೆಗೆ ಕೇಸು ಹಾಕದೆ ಬಿಟ್ಟರು. ಅಷ್ಟರಲ್ಲಿ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು.

ಇವನ್ನೆಲ್ಲ ಓದಿದ ಮೇಲೆ ರಾತ್ರಿ ನಿದ್ದೆ ಬರುತ್ತಾ? ಅಮ್ಮನ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೇ ನಿಷೇಧದ ಪಟ್ಟಿ ಜೊತೆ ತಾಳೆ ನೋಡಿದೆ. ಮಂಡಿನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇತ್ತು. ಜಪಾನಿನಲ್ಲಿ ಅದಕ್ಕೆ ಅಷ್ಟು ತೊಂದರೆ ಇಲ್ಲ. ಆದರೂ ನನ್ನ ಹೆದರಿಕೆಗೆ ಡಾಕ್ಟರ್ ಅದನ್ನು ತೆಗೆದು ಪ್ಯಾರಸಿಟಮಾಲ್ ಬರೆದುಕೊಟ್ಟರು. ನನ್ನ ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಇತ್ತು. ಅದು ಶೇ 10ಕ್ಕಿಂತ ಜಾಸ್ತಿ ಇದ್ದರೆ ಜಪಾನಿಗೆ ತರುವ ಹಾಗೇ ಇಲ್ಲ. ಅದೂ ಮನೆಯಲ್ಲೇ ಉಳಿಯಿತು. ಡಾಕ್ಟರ್ ಚೀಟಿಯ ಔಷಧಿ ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚಾದರೆ 'ಯುನ್ಯು ಕಾಕುನಿನ್‌ಶೋ' ಅನ್ನುವ ಅನುಮತಿ ಪತ್ರವನ್ನು ಮುಂಚೆಯೇ ತೆಗೆದುಕೊಳ್ಳಬೇಕು. ನಮ್ಮದು ಹತ್ತು ದಿನದ ಪ್ರವಾಸ, ಅದರ ಗೊಡವೆ ಇರಲಿಲ್ಲ.

ಉಳಿದ ಮಾತ್ರೆಗಳು ಪಟ್ಟಿಯಲ್ಲಿ ಇಲ್ಲ ಅಂತ ಗೊತ್ತಾದ ಕೂಡಲೇ ಅವುಗಳ ಹೆಸರು ನನ್ನ ತಲೆಯಿಂದ ಹಾರಿಹೋಯಿತು. ಡಾಕ್ಟರ್ ಎಲ್ಲವನ್ನೂ ಟೈಪ್ ಮಾಡಿ, ಸಹಿ ಹಾಕಿ, ಪತ್ರ ಕೊಟ್ಟಿದ್ದರು. ಅದನ್ನು ನಾನು ಬಹಳ ಜೋಪಾನವಾಗಿ ಮಾತ್ರೆಗಳ ಚೀಲದಲ್ಲೇ ಇಟ್ಟೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಇನ್ಸುಲಿನ್ ಪೆನ್ನುಗಳು ಮಾತ್ರ ಅಮ್ಮನ ಹೆಗಲ ಚೀಲದಲ್ಲಿದ್ದವು. ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ ಅಂತ ಗೊತ್ತಿತ್ತು. ಮಾತ್ರೆಗಳ ಚೀಲವೂ ಮೊದಲು ನನ್ನ ಕೈಯಲ್ಲೇ ಇತ್ತು. ಚೆಕ್‌ಇನ್ ಕೌಂಟರ್‌ನಲ್ಲಿ ಕೈಚೀಲ ತೂಗಿದರು. 7 ಕಿಲೋ ದಾಟಿತ್ತು. "ಏನಾದರೂ ತೆಗೆಯಿರಿ" ಅಂದರು. ಹಿಂದೆ ಉದ್ದ ಸಾಲು. ನಾನು ಅಲ್ಲೇ ಬಗ್ಗಿ ಚೀಲ ಬಿಚ್ಚಿದೆ. ಕ್ಯಾಮೆರಾದ ದೊಡ್ಡ ಲೆನ್ಸ್ ತೆಗೆಯಲೋ, ಮಾತ್ರೆಗಳ ಚೀಲ ತೆಗೆಯಲೋ? ಲೆನ್ಸ್ ಒಡೆದರೆ ಗತಿಯೇನು ಅನ್ನಿಸಿತು. ಮಾತ್ರೆಗಳು ಸೂಟ್‌ಕೇಸಿಗೆ ಹೋದವು.

ಸೂಟ್‌ಕೇಸ್ ಬರಲಿಲ್ಲ. ನಡುವೆ ವಿಮಾನ ಬದಲಿಸಿದ ಕಡೆಯೇ ಉಳಿದುಬಿಟ್ಟಿತ್ತು. ತಮಾಷೆ ನೋಡಿ, ನಾವು ಇಳಿದದ್ದು ಕಾನ್ಸಾಯ್ ವಿಮಾನ ನಿಲ್ದಾಣದಲ್ಲಿ. 1994ರಲ್ಲಿ ಶುರುವಾದಾಗಿನಿಂದ ಒಂದೂ ಸಾಮಾನು ಕಳೆದಿಲ್ಲ ಅಂತ ಹೆಸರು ಮಾಡಿದ ಜಾಗ ಅದು. ಅವರ ದಾಖಲೆಗೆ ನಮ್ಮಿಂದೇನೂ ಧಕ್ಕೆ ಆಗಲಿಲ್ಲ, ಯಾಕಂದರೆ ನಮ್ಮ ಪೆಟ್ಟಿಗೆ ಅಲ್ಲಿಗೆ ಬಂದೇ ಇರಲಿಲ್ಲ. ಕಸ್ಟಮ್ಸ್‌ನಲ್ಲಿ ಸೂಜಿಗಳನ್ನು ತೋರಿಸಿದೆವು. ಪತ್ರ ಕೇಳಿದರೆ ಏನು ಮಾಡುವುದು ಅಂತ ನನ್ನ ಕೈ ಬೆವರುತ್ತಿತ್ತು. ಯುವ ಅಧಿಕಾರಿ ಪೆನ್ನಿನ ಲೇಬಲ್ ಓದಿ, ಎರಡೂ ಕೈಯಲ್ಲಿ ಅಮ್ಮನಿಗೆ ವಾಪಸ್ ಕೊಟ್ಟ. ಅಷ್ಟೇ. ನಾನು ಒಂದು ತಿಂಗಳು ಹೆದರಿದ್ದು ಈ ಒಂದು ನಿಮಿಷಕ್ಕೆ.

ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆ ದಾಟಿದರೆ ಕೋಬೆ. ಭಾನುವಾರ ಹೇಗೋ ಕಳೆಯಿತು. ಆವತ್ತು ಬೆಳಗಿನ ಮಾತ್ರೆಗಳು ವಿಮಾನದಲ್ಲೇ ತಪ್ಪಿದ್ದವು. ಇಳಿದ ಮೇಲೆ ತೆಗೆದುಕೊಂಡರಾಯಿತು ಅಂದುಕೊಂಡಿದ್ದೆವಲ್ಲ. ಸೋಮವಾರ ಬೆಳಗ್ಗೆ ಎದ್ದ ಅಮ್ಮ ಮಂಚದ ಅಂಚಿನಲ್ಲಿ ಸುಮ್ಮನೆ ಕೂತಿದ್ದಳು.

"ಎದೆ ಡವಡವ ಅಂತಿದೆ ಕಣೋ. ಹೆದರಿಕೊಳ್ಳೋ ಅಂಥದ್ದೇನಲ್ಲ."

ಅವಳು ಹಾಗೆ ಹೇಳಿದಾಗಲೇ ನಾನು ಹೆದರುವುದು.

ಹೋಟೆಲ್ಲಿನವರು ತೋರಿಸಿದ ಔಷಧಿ ಅಂಗಡಿ ಎರಡು ಬೀದಿ ಆಚೆ ಇತ್ತು. ಕೌಂಟರ್ ಹಿಂದೆ ಬಿಳಿ ಕೋಟು ಹಾಕಿದ, ಅಮ್ಮನಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಫಾರ್ಮಸಿಸ್ಟ್ ಇದ್ದರು. ಅರ್ಧ ಅವರ ಇಂಗ್ಲಿಷಿನಲ್ಲಿ, ಅರ್ಧ ನನ್ನ ಫೋನಿನ ಅನುವಾದದಲ್ಲಿ ಮಾತು ಸಾಗಿತು. ಹೊರದೇಶದ ಚೀಟಿ ಇದ್ದರೂ ಅವರು ಔಷಧಿ ಕೊಡುವ ಹಾಗಿಲ್ಲ, ಅಲ್ಲಿನ ಡಾಕ್ಟರೇ ಬರೆದುಕೊಡಬೇಕು ಅಂತ ಮೊದಲೇ ಹೇಳಿದರು. ನನ್ನ ಮುಖ ನೋಡಿ ಇರಬೇಕು, ಆಮೇಲೆ ಕುರ್ಚಿ ತೋರಿಸಿ ಕೂರಿಸಿದರು. ಒಂದು ಖಾಲಿ ಹಾಳೆ ಎಳೆದುಕೊಂಡರು.

"ಏನೇನು ತೆಗೆದುಕೊಳ್ಳುತ್ತಾರೆ?"

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ನನ್ನ ಕಡೆ ನೋಡಿದಳು.

"ಉದ್ದದ್ದು ಸಕ್ಕರೆದು. ಊಟ ಆದಮೇಲೆ. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿದು. ತಿಂಡಿ ಆದಮೇಲೆ ಇನ್ನೊಂದು ಸಣ್ಣ ಬಿಳಿದು, ಅದು ಬಿಪಿಗೆ."

ನಾನು ಇದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಾ ನಾಚಿಕೆಯಾಯಿತು. ಹನ್ನೆರಡು ವರ್ಷದಿಂದ ಅಮ್ಮ ನುಂಗುತ್ತಿರುವ ಮಾತ್ರೆ, ಪ್ರತಿ ತಿಂಗಳು ತಂದುಕೊಡುವವನು ನಾನು.

ಅವರು ನಗಲಿಲ್ಲ. ಉದ್ದದ್ದರ ಮುಂದೆ ಮೆಟ್‌ಫಾರ್ಮಿನ್ ಅಂತ ಬರೆದು ಪ್ರಶ್ನೆ ಚಿಹ್ನೆ ಹಾಕಿದರು. ಖಾಲಿ ಹೊಟ್ಟೆಯದಕ್ಕೆ ಕತ್ತಿನ ಹತ್ತಿರ ಕೈ ಇಟ್ಟುಕೊಂಡು "ಥೈರಾಯ್ಡ್?" ಅಂದರು. ಅಮ್ಮ ತಲೆ ಆಡಿಸಿದಳು. ಅದು ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಅರ್ಧ ಕಡಿಮೆಯಾಗುವುದಕ್ಕೇ ಸುಮಾರು ಒಂದು ವಾರ ಬೇಕು, ಎರಡು ದಿನ ತಪ್ಪಿದರೆ ಗಾಬರಿ ಬೇಡ ಅಂದರು. ಮೂರನೆಯದರ ಹತ್ತಿರ ಪೆನ್ನು ನಿಂತಿತು.

ಬಿಪಿಗೆ ಎಷ್ಟೋ ಜಾತಿಯ ಮಾತ್ರೆಗಳಿವೆ. ಕೆಲವು ಒಂದೆರಡು ದಿನ ತಪ್ಪಿದರೆ ಒತ್ತಡ ನಿಧಾನವಾಗಿ ಏರುತ್ತದೆ. ಆದರೆ ಬೀಟಾ ಬ್ಲಾಕರ್ ಅನ್ನುವ ಗುಂಪಿನದನ್ನು ಹಠಾತ್ತಾಗಿ ನಿಲ್ಲಿಸಬಾರದು. ಹೃದಯ ಇದ್ದಕ್ಕಿದ್ದಂತೆ ಓಡಲು ಶುರುಮಾಡುತ್ತದೆ, ಹೃದಯದ ತೊಂದರೆ ಇದ್ದವರಿಗೆ ಎದೆನೋವೂ ಬರಬಹುದು. ಹೀಗೆ ಹೇಳಿ ಕೌಂಟರ್ ಆಚೆಯಿಂದ ಕೈ ಚಾಚಿ ಅಮ್ಮನ ನಾಡಿ ಹಿಡಿದರು. ಗೋಡೆ ಗಡಿಯಾರ ನೋಡುತ್ತಾ ಎಣಿಸಿದರು. ಏನೂ ಹೇಳಲಿಲ್ಲ, ಹಾಳೆಯಲ್ಲಿ 104 ಅಂತ ಬರೆದರು.

"ಒಕುಸುರಿ ತೆಚೋ ಇಲ್ಲವಾ?" ಅಂತ ಕೇಳಿದರು.

ಫೋನು ಅದನ್ನು 'ಔಷಧಿ ಪುಸ್ತಕ' ಅಂತ ಅನುವಾದ ಮಾಡಿತು. ಅರ್ಥವಾಗಲಿಲ್ಲ. ಅವರು ತಮ್ಮ ಚೀಲದಿಂದ ಒಂದನ್ನು ತೆಗೆದು ತೋರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡ ನೋಟ್‌ಬುಕ್. ಪ್ರತಿ ಪುಟಕ್ಕೂ ಸ್ಟಿಕ್ಕರ್ ಅಂಟಿಸಿದೆ. ತಾರೀಖು, ಔಷಧಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಯಾವ ಅಂಗಡಿಯಲ್ಲಿ ಔಷಧಿ ತೆಗೆದುಕೊಂಡರೂ ಅಲ್ಲಿಯವರು ಒಂದು ಸ್ಟಿಕ್ಕರ್ ಕೊಡುತ್ತಾರಂತೆ.

ಆಮೇಲೆ ಅವರು ಹೇಳಿದ್ದನ್ನು ನಾನು ಮರೆಯುವುದಿಲ್ಲ. 1995ರ ಜನವರಿ 17, ಬೆಳಗ್ಗೆ 5 ಗಂಟೆ 46 ನಿಮಿಷ. ಕೋಬೆಯ ಭೂಕಂಪ. 6,400ಕ್ಕೂ ಹೆಚ್ಚು ಜನ ಹೋದರು. ಆಗ ಇವರು ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಶಾಲೆಯ ಆಟದ ಕೋಣೆಯಲ್ಲಿ ಜನರನ್ನು ಮಲಗಿಸಿದ್ದರು. ವಯಸ್ಸಾದವರು ಉಟ್ಟ ಬಟ್ಟೆಯಲ್ಲಿ ಬಂದಿದ್ದರು, ಔಷಧಿ ಮನೆ ಜೊತೆ ಮಣ್ಣಾಗಿತ್ತು. ಇವರು ಒಬ್ಬೊಬ್ಬರ ಮುಂದೆ ಮಂಡಿಯೂರಿ ಯಾವ ಮಾತ್ರೆ ಅಂತ ಕೇಳುತ್ತಾ ಹೋದರಂತೆ.

"ಎಲ್ಲರೂ ಒಂದೇ ಮಾತು ಹೇಳಿದರು" ಅಂದರು. ತಮ್ಮ ಹೆಬ್ಬೆರಳಿಗೆ ತೋರುಬೆರಳು ತಾಗಿಸಿದರು. "ಸಣ್ಣದು. ಬಿಳಿ."

ಅಮ್ಮ ಮಾಡಿದ ಹಾಗೆಯೇ. ಅಮ್ಮನಿಗೆ ಜಪಾನೀ ಬರುವುದಿಲ್ಲ, ನಾನು ಇನ್ನೂ ಅನುವಾದ ಮಾಡಿರಲಿಲ್ಲ. ಆದರೂ ಅವಳು ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಆ ನೋಟ್‌ಬುಕ್ಕಿನ ಅಭ್ಯಾಸ ಊರೂರಿಗೆ ಹಬ್ಬಿದ್ದು ಆ ಭೂಕಂಪದ ನಂತರ. 2011ರ ಸುನಾಮಿಯಲ್ಲಿ ಅದನ್ನು ಜೇಬಲ್ಲಿ ಇಟ್ಟುಕೊಂಡು ಓಡಿದವರಿಗೆ ಬೇಗ ಔಷಧಿ ಸಿಕ್ಕಿತಂತೆ.

ಅಷ್ಟರಲ್ಲಿ ನನಗೆ ಹೊಳೆಯಿತು, ಮನೆಯಲ್ಲಿ ಖಾಲಿ ಸ್ಟ್ರಿಪ್ ಇರಬಹುದಲ್ಲ. ಮೂರೂವರೆ ಗಂಟೆ ವ್ಯತ್ಯಾಸ, ಅಲ್ಲಿನ್ನೂ ಬೆಳಗ್ಗೆ ಆರು. ಡಾಕ್ಟರ್ ಫೋನ್ ಎತ್ತಲಿಲ್ಲ. ಅಕ್ಕನನ್ನು ಎಬ್ಬಿಸಿದೆ. ಅಮ್ಮನ ಮಂಚದ ಪಕ್ಕದ ಡ್ರಾಯರ್, ಕಸದ ಬುಟ್ಟಿ, ಎಲ್ಲ ಹುಡುಕಿ ಅವಳು ಫೋಟೋ ಕಳಿಸಿದಳು. ಕತ್ತರಿಯಲ್ಲಿ ಕತ್ತರಿಸಿದ ಒಂದು ತುಂಡು. ಬೆಳ್ಳಿ ಹಾಳೆಯ ಮೇಲೆ ಅರ್ಧ ಹೆಸರು ಉಳಿದಿತ್ತು. '…ಪ್ರೊಲಾಲ್', ಅದರ ಕೆಳಗೆ 25. ಮೊದಲ ಅಕ್ಷರಗಳು ಕತ್ತರಿಗೆ ಹೋಗಿದ್ದವು. ಅಮ್ಮ ಯಾವಾಗಲೂ ಹೆಸರಿನ ಕಡೆಯಿಂದಲೇ ಕತ್ತರಿಸುತ್ತಾಳೆ, ಆ ಕಡೆ ತುದಿ ನೇರವಾಗಿ ಇರುತ್ತದಂತೆ.

ಫಾರ್ಮಸಿಸ್ಟ್ ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಮೆಟೊಪ್ರೊಲಾಲ್" ಅಂದರು. ಬೀಟಾ ಬ್ಲಾಕರ್.

ಮುಂದಿನದೆಲ್ಲ ಬೇಗ ಮುಗಿಯಿತು. ಪಕ್ಕದ ಕಟ್ಟಡದ ಕ್ಲಿನಿಕ್ಕಿಗೆ ಅವರೇ ಫೋನ್ ಮಾಡಿದರು, ಹಾಳೆಯನ್ನು ನಮ್ಮ ಕೈಗೆ ಕೊಟ್ಟರು. ಡಾಕ್ಟರ್ ಇಸಿಜಿ ಮಾಡಿ, ಅದೇ ಗುಂಪಿನ ಬೇರೆ ಮಾತ್ರೆಯನ್ನು ನಾಲ್ಕು ದಿನಕ್ಕೆ ಬರೆದರು. ವಾಪಸ್ ಬಂದಾಗ ಕೌಂಟರ್ ಮೇಲೆ ಹೊಸ ನೋಟ್‌ಬುಕ್ ಸಿದ್ಧವಾಗಿತ್ತು, ಮುಖಪುಟದಲ್ಲಿ ಮೊಲದ ಚಿತ್ರ. ಮೊದಲ ಪುಟಕ್ಕೆ ಹೊಸ ಮಾತ್ರೆಯ ಸ್ಟಿಕ್ಕರ್ ಅಂಟಿಸಿದರು. ಅದಕ್ಕೆ ದುಡ್ಡು ಬೇಡ ಅಂದರು. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಸೂಟ್‌ಕೇಸ್ ಮಂಗಳವಾರ ಸಂಜೆ ಹೋಟೆಲ್ಲಿಗೆ ಬಂತು. ಉಳಿದ ದಿನಗಳು ಚೆನ್ನಾಗಿಯೇ ಕಳೆದವು, ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಒಂದು ರಾತ್ರಿ ಮಾತ್ರ ಹೋಟೆಲ್ ಫ್ರಿಜ್ಜಿನ ಹಿಂದಿನ ಗೋಡೆಗೆ ಮಂಜು ಕಟ್ಟಿದ್ದು ಕಂಡು ಹಾರಿಬಿದ್ದೆ. ಹೊಸ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಅಂಥ ಸಣ್ಣ ಫ್ರಿಜ್ಜುಗಳಲ್ಲಿ ಹಿಂಬದಿ ಸೊನ್ನೆಗೂ ಕೆಳಗೆ ಇಳಿಯುತ್ತದೆ. ಬಾಗಿಲ ಕಡೆಯ ಅರೆಯಲ್ಲಿ ಇಡಿ, ಒಳಗೆ ತಳ್ಳಬೇಡಿ.

ಇನ್ನೊಂದು ಮಾತು, ಹೊಟ್ಟೆಯುರಿಗೆ ಹೇಳುತ್ತಿದ್ದೇನೆ. ಕಂಪನಿ ಇಟ್ಟ ಹೆಸರು ಬರೆದ ಚೀಟಿ ಗಡಿ ದಾಟಿದರೆ ಯಾರಿಗೂ ಅರ್ಥವಾಗುವುದಿಲ್ಲ. ಒಳಗಿನ ಔಷಧಿಯ ಹೆಸರನ್ನೇ ಬರೆಸಿಕೊಳ್ಳಿ. ಅದರಲ್ಲೂ ತಕರಾರಿದೆ ಅನ್ನಿ. ಪ್ಯಾರಸಿಟಮಾಲ್ ಜಪಾನಿನಲ್ಲಿ, ಅಮೆರಿಕದಲ್ಲಿ ಅಸಿಟಮಿನೋಫೆನ್ ಆಗುತ್ತದೆ. ಉಬ್ಬಸದ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬ್ಯುಟೆರಾಲ್. ಆದರೂ ಇವನ್ನು ಯಾವ ಫಾರ್ಮಸಿಸ್ಟಾದರೂ ಗುರುತು ಹಿಡಿಯುತ್ತಾರೆ, ನಮ್ಮ ಕಂಪನಿ ಹೆಸರನ್ನಲ್ಲ.

ವಾಪಸ್ ಹೊರಡುವಾಗ ಕಾನ್ಸಾಯ್‌ನ ಕೌಂಟರ್‌ನಲ್ಲಿ ಮತ್ತೆ ಕೈಚೀಲ ತೂಗಿದರು. 7 ಕಿಲೋ 600 ಗ್ರಾಂ. ನಾನು ಬಗ್ಗುವ ಮೊದಲೇ ಅಮ್ಮ ಜಿಪ್ ಎಳೆದಿದ್ದಳು. ಮಾತ್ರೆಗಳ ಚೀಲವನ್ನು, ಮೊಲದ ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಲೆನ್ಸನ್ನು ಹೊರಗೆ ತೆಗೆದಳು.

"ಇದಕ್ಕೇನೋ ಹೆಸರು?" ಅಂದಳು.

"ಅಮ್ಮ, ಅದು ಒಡೆದುಹೋಗತ್ತೆ."

"ನನ್ನ ಶಾಲಿನಲ್ಲಿ ಸುತ್ತಿ ಇಡೋಣ, ಬಿಡು."