ಗಳಕ್ಕೆ ಕಟ್ಟಿದ ಗರಿ

ಬೆಳಗಿನ ಜಾವ 5 ಗಂಟೆಗೆ ದೋಣಿ ಹತ್ತಿದಾಗ ಕಣ್ಣಲ್ಲಿ ಇನ್ನೂ ನಿದ್ದೆ. ವಿಯೆಟ್ನಾಂನ ಕಾನ್ ಥೋ ಊರಿನ ನಿನ್ ಕಿಯು ದಕ್ಕೆ. ಮೆಕಾಂಗ್ ನದಿ ಕವಲು ಕವಲಾಗಿ ಸಮುದ್ರದ ಕಡೆ ಹರಡಿಕೊಳ್ಳೋ ಸೀಮೆ ಇದು. ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಕಾಯ್ ರಾಂಗ್ ತೇಲುವ ಸಂತೆ.

ದೋಣಿ ನಡೆಸುತ್ತಿದ್ದ ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ನಡುವೆ ನನ್ನ ಫೋನಿನ ಅನುವಾದ. ದಾರಿಯಲ್ಲಿ ಎರಡು ಸಲ ಇಂಜಿನ್ ನಿಲ್ಲಿಸಿ, ಫ್ಯಾನಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಕಿತ್ತು ಹಾಕಿದರು.

ಸಂತೆಯ ದೋಣಿಗಳ ಮೂತಿಗೆ ಕಣ್ಣು ಬರೆದಿರುತ್ತಾರೆ. ಪ್ರತಿಯೊಂದರ ಮೇಲೂ ಒಂದು ಉದ್ದನೆಯ ಬಿದಿರು ಗಳ. ಅದೇ ಬೋರ್ಡು. ಅನಾನಸ್ ಕಟ್ಟಿದ್ದರೆ ಒಳಗೆ ಅನಾನಸ್, ಕುಂಬಳ ಕಟ್ಟಿದ್ದರೆ ಕುಂಬಳ. ಕೂಗಾಟ ಬೇಕಿಲ್ಲ, ದೂರದಿಂದಲೇ ಕಾಣುತ್ತದೆ. ಕಾಫಿ, ನೂಡಲ್ಸ್ ಮಾರುವ ಪುಟ್ಟ ದೋಣಿಗಳಿಗೆ ಮಾತ್ರ ಗಳ ಇಲ್ಲ. ಸೂಪನ್ನು ಎಲ್ಲಿ ನೇತು ಹಾಕೋದು ಹೇಳಿ! ನಾನು 'ಚಾಯ್' ಅಂದೆ. ಟೀ ಅಲ್ಲ, ಅಲ್ಲಿ ಹಾಗಂದರೆ ಸಸ್ಯಾಹಾರ. ಹುಣ್ಣಿಮೆ, ಅಮಾವಾಸ್ಯೆಗೆ ಅಲ್ಲಿನ ಎಷ್ಟೋ ಜನ ಮಾಂಸ ಮುಟ್ಟೋದಿಲ್ಲ. ಆದರೆ ಅವತ್ತು ಎರಡೂ ಅಲ್ವಲ್ಲ, ನೂಡಲ್ಸಿನಾಕೆ ಕೈ ಆಡಿಸಿಬಿಟ್ಟಳು. ಹಾಲು ಬೆರೆಸಿದ ಐಸ್ ಕಾಫಿಯಲ್ಲೇ ತಿಂಡಿ ಮುಗಿಯಿತು.

ಒಂದು ದೋಣಿಯ ಮೇಲೆ ಅಂಗಿ, ಪ್ಯಾಂಟು ನೇತಾಡುತ್ತಿದ್ದವು. "ಬಟ್ಟೆ ವ್ಯಾಪಾರಾನಾ?" ಅಂತ ಕೇಳಿದೆ. ಅಜ್ಜಿ ಬಿದ್ದು ಬಿದ್ದು ನಕ್ಕರು. ಅದು ಒಗೆದು ಹಾಕಿದ ಬಟ್ಟೆ! ಆ ಜನಕ್ಕೆ ಮನೆಯೂ ದೋಣಿಯೇ.

ಅದರ ಪಕ್ಕದ ದೋಣಿಯ ಗಳಕ್ಕೆ ಬರೀ ಒಂದು ಒಣ ಗರಿ ಕಟ್ಟಿತ್ತು. ನದಿ ದಂಡೆಯ ಕೆಸರಲ್ಲಿ ಬೆಳೆಯುವ ತಾಳೆ ಜಾತಿಯ ಗಿಡದ್ದು, ಮನೆಗೆ ಹೊದಿಸುವಂಥದ್ದು. ಗರಿಯನ್ನೂ ಮಾರ್ತಾರಾ? ಅಜ್ಜಿ ಈ ಸಲ ನಗಲಿಲ್ಲ. ತಮ್ಮ ದೋಣಿಯ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ತಟ್ಟಿ, ಆ ಕಡೆ ಬೆರಳು ತೋರಿಸಿದರು. ಮಾರಾಟಕ್ಕಿರುವುದು ಆ ದೋಣಿಯೇ.

2016ರಲ್ಲಿ ಈ ಸಂತೆಗೆ ರಾಷ್ಟ್ರೀಯ ಪರಂಪರೆ ಅನ್ನೋ ಪಟ್ಟ ಸಿಕ್ಕಿದೆ. ಆದರೆ ರಸ್ತೆ, ಸೇತುವೆ ಬಂದಮೇಲೆ ಸರಕೆಲ್ಲ ಲಾರಿ ಹತ್ತಿದೆ. ನಾನು ನೋಡಿದಾಗ ವ್ಯಾಪಾರದ ದೋಣಿಗಳಿಗಿಂತ ನನ್ನಂಥವರನ್ನು ತುಂಬಿಕೊಂಡು ಬಂದವೇ ಜಾಸ್ತಿ.

ಮಧ್ಯಾಹ್ನ ಬಿನ್ ಥುಯಿಯ 1870ರ ಹಳೇ ಮನೆಗೂ ಹೋಗಿದ್ದೆ. ಹೊರಗೆ ಫ್ರೆಂಚರ ಠೀವಿ, ಒಳಗೆ ಹಿರಿಯರ ಪೂಜೆಯ ಪೀಠ. ಚೆನ್ನಾಗಿತ್ತು. ಆದರೆ ಫೋಟೋ ತೆಗೆಯೋ ಮನಸ್ಸಾಗಲಿಲ್ಲ. ಬೆಳಿಗ್ಗೆ ವಾಪಸ್ ಬರುವ ದಾರಿಯಲ್ಲಿ ಗರಿ ಕಟ್ಟಿದ ಇನ್ನೂ ಎರಡು ಗಳ ಕಂಡಿದ್ದವು.