ನನ್ನ ನೋಟ್‌ಬುಕ್ಕಲ್ಲಿ ಅವನ ಹೆಸರು ‘ಬಂಗಾಳಿ-3’

ಸಕಲೇಶಪುರದ ಹತ್ರ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಇಪ್ಪತ್ತೆರಡು ವರ್ಷ ಆಯ್ತು. ರೈಟರ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ, ಬೆಳಿಗ್ಗೆ ಹಾಜರಿ ತಗೊಳೋದು, ಯಾರು ಯಾವ ಬ್ಲಾಕಿಗೆ ಅಂತ ಮೇಸ್ತ್ರಿಗೆ ಹೇಳೋದು, ಸಂಜೆ ಹಣ್ಣು ತೂಕ ಹಾಕಿ ಬರ್ಕೊಳೋದು, ಶನಿವಾರ ಬಟವಾಡೆ ಮಾಡೋದು. ಪೂರ್ತಿ ಪೆನ್ನು ಹಿಡ್ಕೊಂಡು ಮಾಡೋ ಕೆಲ್ಸ. ಆ ಪೆನ್ನಲ್ಲಿ ನಾನು ಬರೀಬೇಕಾಗಿದ್ದನ್ನ ಬರೀದೆ ಇದ್ದಿದ್ದಕ್ಕೆ ಒಂದು ಸಂಸಾರ ಈಗ ದಿಕ್ಕೆಟ್ಟು ಕೂತಿದೆ, ಅದನ್ನ ಹೇಳೋಕೆ ಇದನ್ನ ಬರೀತಿದೀನಿ. ಬೇರೆ ತೋಟದ ರೈಟರ್‌ಗಳು, ಗಾರೆ ಕೆಲ್ಸದ ಮೇಸ್ತ್ರಿಗಳು, ಹೋಟ್ಲು ಮ್ಯಾನೇಜರ್‌ಗಳು ಯಾರಾದ್ರೂ ಓದಿದ್ರೆ ದಯವಿಟ್ಟು ಕೊನೆ ತನಕ ಓದಿ.

2007ರಲ್ಲಿ ನಮ್ಮ ಕಡೆ ಕೆಲ್ಸಕ್ಕೆ ಜನ ಸಿಗೋದು ಕಷ್ಟ ಆಗಿತ್ತು, ಊರು ಹುಡುಗ್ರು ಬೆಂಗಳೂರು ಸೇರ್ಕೊಂಡಿದ್ರು, ಹಣ್ಣು ಗಿಡದಲ್ಲೇ ಒಣಗ್ತಿತ್ತು. ಆಗ ಒಬ್ಬ ಕಾಂಟ್ರಾಕ್ಟರ್ ಹನ್ನೊಂದು ಜನನ್ನ ಕರ್ಕೊಂಡು ಬಂದ, ಅಸ್ಸಾಂ ಕಡೆಯೋರು, ಬಂಗಾಳದೋರು. ಹೆಸ್ರು ಕೇಳಿದ್ರೆ ನನಗೆ ಸರಿಯಾಗಿ ಕಿವಿಗೆ ಬೀಳ್ತಿರಲಿಲ್ಲ, ಅವಸರ ಬೇರೆ, ಅದಕ್ಕೆ ಒಂದು ಉದ್ದ ನೋಟ್‌ಬುಕ್ ಮಾಡ್ಕೊಂಡು ಬಂಗಾಳಿ-1, ಬಂಗಾಳಿ-2, ಬಂಗಾಳಿ-3 ಅಂತ ಬರ್ಕೊಂಡೆ. ಒಬ್ಬನಿಗೆ ‘ಅಸ್ಸಾಂ ಉದ್ದದೋನು’ ಅಂತ. ಚೆಕ್‌ರೋಲಿಗೆ ಅಂದ್ರೆ ತೋಟದ ಅಧಿಕೃತ ಹಾಜರಿ ಪುಸ್ತಕಕ್ಕೆ ಅವರ್ಯಾರ ಹೆಸ್ರೂ ಹತ್ತಿಸಲಿಲ್ಲ, ಚೆಕ್‌ರೋಲಿಗೆ ಹತ್ತಿದ್ರೆ ಪಿಎಫ್ ಕಟ್ಬೇಕು, ಬೋನಸ್ ಕೊಡ್ಬೇಕು, ರಜಾ ಸಂಬಳ ಕೊಡ್ಬೇಕು. ಸಾಹುಕಾರ್ರು ಬಾಯಿ ಬಿಟ್ಟು ಹಿಂಗೇ ಮಾಡು ಅಂತ ನನಗೆ ಹೇಳಿದ್ದಿಲ್ಲ, ನನ್ನ ಹಿಂದಿನ ರೈಟರ್ ಹಂಗೆ ಮಾಡ್ತಿದ್ರು, ನಾನೂ ಹಂಗೇ ಮಾಡ್ದೆ.

ಬೇರೆ ರಾಜ್ಯದಿಂದ ಕಾಂಟ್ರಾಕ್ಟಲ್ಲಿ ಬರೋ ಕೆಲಸದೋರಿಗೆ ಅಂತ್ಲೇ 1979ರಲ್ಲಿ ಒಂದು ಕಾಯ್ದೆ ಬಂದಿತ್ತು, ಅದ್ರಲ್ಲಿ ಕಾಂಟ್ರಾಕ್ಟರ್ ಪ್ರತಿಯೊಬ್ಬನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡ್ಬೇಕು, ಅದ್ರಲ್ಲಿ ಎಲ್ಲಿ ಕೆಲ್ಸ, ಎಷ್ಟು ದಿನ, ಎಷ್ಟು ಕೂಲಿ ಎಲ್ಲಾ ಇರ್ಬೇಕು ಅಂತ 2025ರ ತನಕ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಒಂದು ಪಾಸ್‌ಬುಕ್ ನಾನು ಕಣ್ಣಲ್ಲಿ ನೋಡಿಲ್ಲ. ಕೇಳ್ಲೂ ಇಲ್ಲ.

ಹತ್ತು ಜನ ಸೀಸನ್ ಮುಗಿದ್ಮೇಲೆ ಹೋದ್ರು, ಬಂದ್ರು, ಮತ್ತೆ ಹೋದ್ರು. ಬಂಗಾಳಿ-3 ಮಾತ್ರ ಹೋಗ್ಲಿಲ್ಲ. ಆಗ ಅವನಿಗೆ ಇಪ್ಪತ್ತೊಂದು ಇರ್ಬಹುದು. ಎರಡೇ ವರ್ಷಕ್ಕೆ ಮರಗಸಿ, ಅಂದ್ರೆ ನೆರಳಿನ ಮರದ ರೆಂಬೆ ಸವರೋದು, ಕಲ್ತ, ಸಿಲ್ವರ್ ಮರ ಹತ್ತಿ ತುದೀಲಿ ನಿಂತು ರೆಂಬೆ ಕಡಿದ್ರೆ ಕೆಳಗಿನ ಕಾಫಿ ಗಿಡದ ಒಂದು ಚಿಗುರಿಗೂ ಪೆಟ್ಟು ಬೀಳ್ತಿರಲಿಲ್ಲ. ಮೆಣಸು ಕುಯ್ಯೋಕೆ ಒಂಟಿ ಬಿದಿರಿನ ಏಣಿ ಮೇಲೆ ಅವನಷ್ಟು ಸಲೀಸಾಗಿ ಹತ್ತೋನು ನಮ್ಮ ತೋಟದಲ್ಲಿ ಇನ್ನೊಬ್ಬ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮಿಷಿನ್ನಿನ ಸದ್ದು ಕೇಳಿದ್ರೇ ಸಾಕು, ಕಲ್ಲು ಸಿಕ್ಕಿದೆ ಅಂತ ಓಡಿ ಬರ್ತಿದ್ದ. ಮದುವೆ ಆಗಿ ಹೆಂಡ್ತಿನ ಕರ್ಕೊಂಡು ಬಂದ, ಆಕೆ ಕೂಚ್‌ಬಿಹಾರದ ಕಡೆಯೋಳು, ಆಕೆಗೆ ಓಟರ್ ಐಡಿ, ಅಪ್ಪನ ಜಮೀನಿನ ಪತ್ರ ಎಲ್ಲಾ ಇದೆ.

2009ರಲ್ಲಿ ಮಗಳು ಹುಟ್ಟಿದ್ಲು. ಜುಲೈ ತಿಂಗಳ ರಾತ್ರಿ, ಮಳೆ ಅಂದ್ರೆ ಮಲೆನಾಡು ಮಳೆ, ನಾನೇ ತೋಟದ ಜೀಪು ಓಡಿಸ್ತಿದ್ದೆ, ಅರ್ಧ ದಾರೀಲಿ ರಸ್ತೆಗೆ ಮರ ಬಿದ್ದಿತ್ತು. ಅವನು ಕತ್ತಿ ತಗೊಂಡು ಇಳ್ದು ಜೀಪಿನ ಲೈಟ್ ಬೆಳಕಲ್ಲಿ ಆ ಮರ ಕಡಿದ, ಹಿಂದೆ ಸೀಟಲ್ಲಿ ಆಕೆ ನರಳ್ತಿದ್ಲು. ತಾಲೂಕು ಆಸ್ಪತ್ರೆಲಿ ಬೆಳಗಿನ ಜಾವ ಹೆಣ್ಣು ಮಗು ಆಯ್ತು. ಬರ್ತ್ ಸರ್ಟಿಫಿಕೇಟ್ ಅರ್ಜೀಲಿ ವಿಳಾಸದ ಜಾಗದಲ್ಲಿ ನಮ್ಮ ತೋಟದ ಹೆಸ್ರು ಬರ್ದಿದ್ದು ನಾನೇ. ಆ ಹುಡುಗಿ ಈಗ ಎಸ್ಸೆಸ್ಸೆಲ್ಸಿ, ಕನ್ನಡ ಫಸ್ಟ್ ಲ್ಯಾಂಗ್ವೇಜ್, ನಮ್ಮನೆ ಮಕ್ಕಳಿಗಿಂತ ಚೆನ್ನಾಗಿ ವ್ಯಾಕರಣ ಗೊತ್ತು, ನನ್ನನ್ನ ಮಾಮ ಅಂತಾಳೆ. ಅವಳ ಹಿಂದೆ ಒಬ್ಬ ತಮ್ಮ, ಅವನಿಗೆ ಹತ್ತು ವರ್ಷ.

ಹೋದ ವರ್ಷ ಎಲ್ಲಾ ತೋಟದೋರೂ ಹೊರ ರಾಜ್ಯದ ಕೆಲಸದೋರ ಪಟ್ಟಿ ಕೊಡ್ಬೇಕು, ದಾಖಲೆ ಜೆರಾಕ್ಸ್ ಸಮೇತ, ಅಂತ ಹೇಳಿಕೆ ಬಂತು. ನಮ್ಮಲ್ಲಿ ಮೂವತ್ನಾಲ್ಕು ಜನ. ಮೂವತ್ಮೂರು ಜನದ್ದು ಆಧಾರ್, ಓಟರ್ ಐಡಿ ಎಲ್ಲಾ ಸಿಕ್ತು, ಅವರೆಲ್ಲ ಈ ದೇಶದೋರೇ, ಆದ್ರೂ ರಸ್ತೆಲಿ ಹೋದ್ರೆ ಜನ ಎಲ್ಲರಿಗೂ ‘ಬಾಂಗ್ಲಾದೋರು’ ಅಂತಾರೆ, ಬಂಗಾಳಿ ಮಾತಾಡಿದ್ರೆ ಸಾಕು. ಇವನು ಮಾತ್ರ ಬರಿಗೈಲಿ ಆಫೀಸಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತ್ಕೊಂಡು, ‘ರೈಟ್ರೇ, ನಂದು ಯಾವ್ದೂ ಇಲ್ಲ. ನಾಲ್ಕು ವರ್ಷದೋನು ಇದ್ದಾಗ ಅಪ್ಪನ ಹೆಗಲ ಮೇಲೆ ಕೂತು ಈ ಕಡೆ ಬಂದಿದ್ದು, ನದಿ ನಮ್ಮ ಮನೆ ತಿಂದಿತ್ತಂತೆ’ ಅಂದ. ಅಪ್ಪ ಸತ್ತು ಎಷ್ಟೋ ವರ್ಷ ಆಗಿದೆ. ಆ ಊರಿನ ಹೆಸ್ರೂ ಅವನಿಗೆ ಸರಿಯಾಗಿ ಗೊತ್ತಿಲ್ಲ.

ನಾನು ಏನು ಮಾಡ್ದೆ ಗೊತ್ತಾ, ಪಟ್ಟಿಲಿ ಷರಾ ಅಂತ ಒಂದು ಕಾಲಂ ಇತ್ತು, ಅದ್ರಲ್ಲಿ ಕೆಂಪು ಪೆನ್ನಲ್ಲಿ ‘ದಾಖಲೆ ಇಲ್ಲ’ ಅಂತ ಬರ್ದೆ. ಅಷ್ಟೇ. ಹದಿನೆಂಟು ವರ್ಷದಿಂದ ಇಲ್ಲೇ ಇದ್ದಾನೆ ಅಂತ ಬರೀಲಿಲ್ಲ, ಮಕ್ಕಳು ಇಲ್ಲೇ ಹುಟ್ಟಿದ್ದು ಅಂತ ಬರೀಲಿಲ್ಲ, ಹೆಂಡ್ತಿ ಭಾರತದೋಳು ಅಂತ ಬರೀಲಿಲ್ಲ. ಸುಳ್ಳು ಬರೀಬೇಕಿತ್ತು ಅಂತ ನಾನು ಹೇಳ್ತಿಲ್ಲ. ನಿಜ ಪೂರ್ತಿ ಬರೀಬೇಕಿತ್ತು. ಅವನಿಗೆ ಓಡಿ ಹೋಗೋಕೆ ನಾಲ್ಕು ದಿನ ಟೈಮ್ ಇತ್ತು, ಹೋಗ್ಲಿಲ್ಲ, ಮಗಳ ಪರೀಕ್ಷೆ ಇದೆ ಅಂದ. ಐದನೇ ದಿನ ಮರಗಸಿ ಮಾಡ್ತಿದ್ದೋನನ್ನ ಮರದಿಂದ ಇಳಿಸಿ ಕರ್ಕೊಂಡು ಹೋದ್ರು. ಈಗ ಬೆಂಗಳೂರು ಕಡೆ ಇಟ್ಟಿದಾರೆ, ಗಡಿ ದಾಟಿಸಿ ಕಳಿಸೋ ಪ್ರಯತ್ನ ನಡೀತಿದೆ.

ಆಮೇಲೆ ವಕೀಲರ ಹತ್ರ ಓಡಾಡ್ದಾಗ ಕಾನೂನು ಒಂದೊಂದೇ ತಿಳೀತು. 1946ರ ವಿದೇಶಿಯರ ಕಾಯ್ದೇಲಿ ನೀನು ವಿದೇಶಿ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅವನ ಮೇಲೇ, 2025ರಲ್ಲಿ ಹೊಸ ಕಾಯ್ದೆ ಬಂದ್ರೂ ಅದು ಬದಲಾಗ್ಲಿಲ್ಲ. ಮಕ್ಕಳ ವಿಷ್ಯ ಕೇಳಿದ್ರೆ ಹೊಟ್ಟೆ ತೊಳಸುತ್ತೆ. 1987 ಜುಲೈ 1ಕ್ಕಿಂತ ಮುಂಚೆ ಈ ನೆಲದಲ್ಲಿ ಹುಟ್ಟಿದ್ರೆ ಸಾಕಿತ್ತು, ಪೌರತ್ವ ಬರ್ತಿತ್ತು. ಅಲ್ಲಿಂದ 2004 ಡಿಸೆಂಬರ್ 3ರ ತನಕ ಹುಟ್ಟಿದೋರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ರು ಭಾರತೀಯರಾಗಿದ್ರೆ ಸಾಕು. ಆ ತಾರೀಖಿನ ಮೇಲೆ ಹುಟ್ಟಿದ ಮಗುಗೆ ಅಮ್ಮ ಭಾರತೀಯಳಾಗಿದ್ರೂ ಅಪ್ಪ ಅಕ್ರಮವಾಗಿ ಬಂದೋನಾಗಿದ್ರೆ ಹುಟ್ಟಿನಿಂದ ಪೌರತ್ವ ಇಲ್ಲ. ಅಂದ್ರೆ ನಾನು ಜೀಪಲ್ಲಿ ಕರ್ಕೊಂಡು ಹೋದ ರಾತ್ರಿ ಹುಟ್ಟಿದ ಆ ಹುಡುಗಿ, ಹೊಯ್ಸಳರ ಪಾಠ ಬಾಯಿಪಾಠ ಮಾಡ್ಕೊಂಡು ಬೇಲೂರಿಗೆ ಸ್ಕೂಲ್ ಟ್ರಿಪ್ ಹೋಗಿ ಬಂದೋಳು, ಕಾನೂನಿನ ಲೆಕ್ಕದಲ್ಲಿ ಈ ದೇಶದೋಳಲ್ಲ.

ವಕೀಲರು ಒಂದು ಮಾತು ಹೇಳಿದ್ರು, ಇಷ್ಟು ವರ್ಷ ಒಂದೇ ಕಡೆ ದುಡ್ಕೊಂಡು ಸಂಸಾರ ಮಾಡ್ಕೊಂಡು ಇದ್ದ ಅಂತ ತೋರ್ಸಿದ್ರೆ ಮಾನವೀಯತೆ ಮೇಲೆ ವಾದ ಮಾಡೋಕೆ ಒಂದು ಆಧಾರ ಸಿಗುತ್ತೆ, ತೋಟದ ರಿಜಿಸ್ಟರ್ ತನ್ನಿ ಅಂತ. ನಾನು ಚೆಕ್‌ರೋಲ್ ತಗೊಂಡು ಹೋದೆ. 2007ರಿಂದ 2016ರ ತನಕ ಅವನ ಹೆಸ್ರೇ ಇಲ್ಲ. ನೋಟ್‌ಬುಕ್ ತೆಗ್ದು ತೋರಿಸ್ದೆ, ಮೂರಿದೆ, ಗೆದ್ದಲು ಹಿಡಿದಿದ್ದ ಅಂಚು. ಅವರು ಹಾಳೆ ಮಗುಚ್ತಾ ಹೋದ್ರು. ‘ಬಂಗಾಳಿ-3, ಮರಗಸಿ, 1 ದಿನ. ಬಂಗಾಳಿ-3, ಮೆಣಸು, ಅರ್ಧ ದಿನ. ಬಂಗಾಳಿ-3, ಹಣ್ಣು, 84 ಕೆಜಿ.’ ಹಂಗೇ ಒಂಬತ್ತು ವರ್ಷ. ವಕೀಲರು ಕನ್ನಡಕ ತೆಗ್ದು ನನ್ನ ಮುಖ ನೋಡಿ, ‘ಇದು ಯಾರು ಅಂತ ಕೋರ್ಟಿಗೆ ಹೆಂಗೆ ಹೇಳ್ಲಿ ಇವ್ರೇ?’ ಅಂದ್ರು. ನನಗೆ ಮಾತೇ ಹೊರಡ್ಲಿಲ್ಲ. ದಾಖಲೆ ಇಲ್ಲ ಅಂತ ಕೆಂಪು ಪೆನ್ನಲ್ಲಿ ಬರ್ದೋನೂ ನಾನೇ, ಆ ದಾಖಲೆ ಇಲ್ದಂಗೆ ಮಾಡ್ದೋನೂ ನಾನೇ.

ನಮ್ಮ ತೋಟದ ಕೆಲಸದೋರ ಲೈನ್ ಮನೇಲಿ ಒಬ್ರು ಅಜ್ಜಿ ಇದಾರೆ, ಎಲ್ಲಾ ಸಿಲೋನ್ ಪಾಟಿ ಅಂತಾರೆ. ಇವನನ್ನ ಕರ್ಕೊಂಡು ಹೋದ ದಿನ ಅನ್ನ ಮುಟ್ಟಲಿಲ್ಲ ಆ ತಾಯಿ. ಅವರು ಹುಟ್ಟಿದ್ದು ಸಿಲೋನ್, ಅಂದ್ರೆ ಈಗಿನ ಶ್ರೀಲಂಕಾದ, ಟೀ ತೋಟದಲ್ಲಿ, ಅವರ ಅಪ್ಪನೂ ಅಲ್ಲೇ ಹುಟ್ಟಿದ್ದು. 1948ರಲ್ಲಿ ಅಲ್ಲಿ ಬಂದ ಪೌರತ್ವ ಕಾಯ್ದೆಯಿಂದ ತೋಟದ ತಮಿಳರು ಲಕ್ಷಗಟ್ಟಲೆ ಯಾವ ದೇಶಕ್ಕೂ ಸೇರದೋರಾದ್ರು. 1964ರಲ್ಲಿ ನಮ್ಮ ಶಾಸ್ತ್ರಿಯವರು, ಅಲ್ಲಿನ ಪ್ರಧಾನಿ ಸಿರಿಮಾವೊ ಕೂತು ಒಪ್ಪಂದ ಮಾಡ್ಕೊಂಡ್ರು, 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲೇ, ಉಳಿದ 1,50,000 ಜನನ್ನ ಆಮೇಲೆ ನೋಡೋಣ ಅಂತ. 1974ರಲ್ಲಿ ಅದನ್ನೂ ಅರ್ಧ ಅರ್ಧ ಹಂಚ್ಕೊಂಡ್ರು. ಪಾಟಿ ಇಪ್ಪತ್ತೆರಡನೇ ವಯಸ್ಸಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬಂದು, ಮಂಡಪಂ ಕ್ಯಾಂಪಲ್ಲಿ ಇದ್ದು, ಸುಳ್ಯದ ಕಡೆ ರಬ್ಬರ್ ತೋಟಕ್ಕೆ ಬಂದ್ರು, ಅಲ್ಲಿಂದ ಮದುವೆ ಆಗಿ ಘಟ್ಟ ಹತ್ತಿದ್ರು. ಸುಳ್ಯ ಪುತ್ತೂರು ಕಡೆ ಇವತ್ತಿಗೂ ಅಂಥ ಸಂಸಾರ ಬೇಕಾದಷ್ಟಿದೆ. ಪಾಟಿ ಹೇಳ್ತಾರೆ, ‘ತಂಬಿ, ಊರಿಗೆ ಕಳಿಸ್ತೀವಿ ಅಂದ್ರು. ನಂಗೆ ಊರು ಅಂದ್ರೆ ಅದೇ. ಹಡಗಲ್ಲಿ ನಮ್ಮಮ್ಮ ವಾಪಸ್ ತಿರುಗಿ ನೋಡ್ತಾನೇ ಕೂತಿದ್ಲು, ಈ ಕಡೆ ನೋಡ್ಲೇ ಇಲ್ಲ.’ ಐವತ್ತು ವರ್ಷ ಆಗಿದೆ, ಪಾಟಿ ಈಗ್ಲೂ ಹಣ್ಣು ಕುಯ್ಯೋದು ಟೀ ಕುಯ್ಯೋ ಥರಾನೇ, ಎರಡು ಬೆರಳು ಮತ್ತೆ ಹೆಬ್ಬೆರಳಲ್ಲಿ.

ಅದೇ ಶ್ರೀಲಂಕಾ 2003ರಲ್ಲಿ ಒಂದು ಕಾಯ್ದೆ ಮಾಡಿ, 1964ರ ಅಕ್ಟೋಬರ್‌ನಿಂದ ಅಲ್ಲೇ ಇರೋ ಭಾರತ ಮೂಲದೋರಿಗೆ, ಅವರ ಮಕ್ಕಳಿಗೆ ಪೌರತ್ವ ಕೊಡ್ತು. ನಮ್ಮಲ್ಲೂ 1985ರ ಅಸ್ಸಾಂ ಒಪ್ಪಂದದಲ್ಲಿ 1966ಕ್ಕಿಂತ ಮುಂಚೆ ಬಾಂಗ್ಲಾ ಕಡೆಯಿಂದ ಅಸ್ಸಾಂಗೆ ಬಂದೋರನ್ನ ಒಪ್ಕೊಂಡ್ರು, ಅಲ್ಲಿಂದ 1971 ಮಾರ್ಚ್ 24ರ ತನಕ ಬಂದೋರಿಗೆ ಹತ್ತು ವರ್ಷ ಓಟು ಇಲ್ಲ, ಆಮೇಲೆ ಎಲ್ಲರ ಥರ ಅಂತ ಮಾಡಿದ್ರು, 2024ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಅಮೆರಿಕಾದಲ್ಲಿ 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯಿಂದ ಹತ್ರ ಹತ್ರ 27 ಲಕ್ಷ ಜನಕ್ಕೆ ಕಾಗದ ಸಿಕ್ತು, ಅದ್ರಲ್ಲಿ ಹೊಲದ ಕೆಲಸದೋರಿಗೆ ಬೇರೆ ಲೆಕ್ಕ, ಒಂದು ವರ್ಷದಲ್ಲಿ 90 ದಿನ ಹೊಲದಲ್ಲಿ ದುಡಿದಿದೀನಿ ಅಂತ ತೋರ್ಸಿದ್ರೆ ಅರ್ಜಿ ಹಾಕ್ಬಹುದಿತ್ತು. ತೋರ್ಸೋಕೆ ಅವರು ಹುಡುಕ್ಕೊಂಡು ಹೋಗಿದ್ದು ಸಂಬಳದ ಚೀಟಿ, ಮಾಲೀಕನ ಪತ್ರ. ನನ್ನಂಥ ರೈಟರ್ ಕೈಬರಹ. ಇದನ್ನ ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ.

ಊರಲ್ಲಿ ಇದರ ಬಗ್ಗೆ ಬೇಜಾನ್ ಜಗಳ ಆಗಿದೆ. ನನ್ನ ಭಾವನೇ ಹೇಳಿದ್ರು, ಗಡಿ ಅಂದ್ಮೇಲೆ ಗಡಿ, ಎಲ್ಲರನ್ನೂ ಇಟ್ಕೊಂಡ್ರೆ ನಮ್ಮೋರ ಗತಿ ಏನು ಅಂತ. ಆ ಭಯ ಸುಳ್ಳು ಅಂತ ನಾನು ಅನ್ನಲ್ಲ. ನಿನ್ನೆ ಮೊನ್ನೆ ದಾಟಿ ಬಂದೋನನ್ನ, ಕಳ್ಳತನ ಕೊಲೆ ಮಾಡ್ದೋನನ್ನ ಕಾನೂನು ಕಳಿಸ್ಲಿ, ನನ್ನ ತಕರಾರಿಲ್ಲ. ಕೂಲಿ ಇಳೀತು ಅಂತಾರೆ, ಅದೂ ನಿಜ, ಆದ್ರೆ ಇಳಿದಿದ್ದು ಯಾಕೆ, ಚೆಕ್‌ರೋಲಿಗೆ ಹತ್ತಿಸ್ದೆ ಕಡಿಮೆಗೆ ದುಡಿಸ್ಕೊಂಡಿದ್ದು ನಾವು. ಅವನ ಹೆಸ್ರು ಸರಿಯಾಗಿ ಬರ್ದು ಸರಿಯಾದ ಕೂಲಿ ಕೊಟ್ಟಿದ್ರೆ ಊರೋರ ಕೂಲಿನೂ ಇಳೀತಿರಲಿಲ್ಲ. 2025 ಫೆಬ್ರವರಿಲಿ ಅಮೆರಿಕಾ 104 ಜನ ಭಾರತೀಯರನ್ನ ಕೋಳ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸ್ದಾಗ ಟಿವಿ ಮುಂದೆ ಕೂತು ನಮ್ಮ ಭಾವನ ಕಣ್ಣಲ್ಲೂ ನೀರು ಬಂದಿತ್ತು. ಆ ಕಣ್ಣೀರನ್ನೇ ನಾನು ಅವರಿಗೆ ನೆನಪು ಮಾಡ್ದೆ, ಸುಮ್ನಾದ್ರು.

ನನ್ನ ಅಭಿಪ್ರಾಯ ಇಷ್ಟು. ಮಗು ಆಗಿದ್ದಾಗ ಬಂದು, ಇಲ್ಲೇ ಬೆಳ್ದು, ಹದಿನೈದಿಪ್ಪತ್ತು ವರ್ಷ ದುಡ್ದು, ಇಲ್ಲೇ ಮಕ್ಕಳನ್ನ ಶಾಲೆಗೆ ಸೇರಿಸಿರೋ ಸಂಸಾರನ ಕಿತ್ತು ಕಳಿಸ್ಬಾರ್ದು. ಅರ್ಜಿ ಹಾಕೋಕೆ ಒಂದು ದಾರಿ ಇರ್ಬೇಕು, ಒಬ್ಬೊಬ್ಬರ ಕತೆ ಕೇಳೋರು ಇರ್ಬೇಕು. ದಂಡ ಹಾಕ್ಲಿ, ಹತ್ತು ವರ್ಷ ಓಟು ಕೊಡ್ದೆ ಇರ್ಲಿ, ಅಸ್ಸಾಂಗೆ ಮಾಡಿದ್ದನ್ನೇ ಮಾಡ್ಲಿ. ಅಪ್ಪನ್ನ ಗುರುತು ಪರಿಚಯ ಇಲ್ಲದ ದೇಶಕ್ಕೆ ತಳ್ಳಿ, ಹೆಂಡ್ತಿ ಮಕ್ಕಳನ್ನ ಲೈನ್ ಮನೇಲಿ ಬಿಡೋದು ಯಾವ ಲೆಕ್ಕದಲ್ಲೂ ನ್ಯಾಯ ಅಲ್ಲ.

ನಾನೀಗ ಮಾಡ್ತಿರೋದು ಹೇಳ್ಬಿಡ್ತೀನಿ. ಸಾಹುಕಾರ್ರ ಹತ್ರ ಕೂತು ಗಟ್ಟಿಯಾಗೇ ಮಾತಾಡ್ದೆ, ಮೂವತ್ಮೂರು ಜನನೂ ಚೆಕ್‌ರೋಲಿಗೆ ಹತ್ತಿದ್ರು. ಹೆಸ್ರು ಅವರ ಬಾಯಲ್ಲೇ ಹೇಳಿಸಿ, ಎರಡು ಸಲ ಕೇಳಿ ಬರ್ಕೊಂಡೆ, ಅಪ್ಪನ ಹೆಸ್ರು, ಊರು, ಬಂದ ತಾರೀಖು ಎಲ್ಲಾ. ಪ್ರತಿ ಶನಿವಾರ ಸಂಬಳದ ಚೀಟಿ, ತೋಟದ ಸೀಲ್ ಹಾಕಿ. ಹಳೇ ಮೂರು ನೋಟ್‌ಬುಕ್ ಇಟ್ಕೊಂಡು ಬಂಗಾಳಿ-3 ಅಂದ್ರೆ ಇಂಥೋನೇ ಅಂತ ಅಫಿಡವಿಟ್ ಮಾಡಿಸಿದೀನಿ, ಮೇಸ್ತ್ರಿ ಸಹಿ ಹಾಕಿದಾನೆ, ಆ ರಾತ್ರಿ ಆಸ್ಪತ್ರೇಲಿದ್ದ ರಿಟೈರ್ಡ್ ನರ್ಸಮ್ಮ ಒಬ್ರು ಸಹಿ ಹಾಕಿದಾರೆ, ಸಿಲೋನ್ ಪಾಟಿ ಹೆಬ್ಬೆಟ್ಟು ಒತ್ತಿದಾರೆ. ಅಫಿಡವಿಟ್‌ಗೆ ಅವನ ಪೂರ್ತಿ ಹೆಸ್ರು ಬೇಕಿತ್ತು, ಕನ್ನಡದಲ್ಲಿ ಅದನ್ನ ಹೆಂಗೆ ಬರೀಬೇಕು ಅಂತ ನನಗೆ ಈಗ್ಲೂ ಗೊತ್ತಾಗ್ಲಿಲ್ಲ. ಮಗಳು ನನ್ನ ಕೈಯಿಂದ ಪೆನ್ನು ತಗೊಂಡು, ಒತ್ತಕ್ಷರ ಒಂದೂ ತಪ್ಪದಂಗೆ ಬರ್ದು ಕೊಟ್ಲು.

ಹೈಕೋರ್ಟಲ್ಲಿ ಅರ್ಜಿ ಹಾಕಿದೆ, ಮುಂದಿನ ಡೇಟು ಬುಧವಾರ. ಬೆಳಗಿನ ಜಾವದ ಬಸ್ಸಿಗೆ ನಾನು, ಅವನ ಹೆಂಡ್ತಿ, ಮಗಳು ಹೋಗ್ತಿದೀವಿ, ನೋಟ್‌ಬುಕ್ ಮೂರನ್ನೂ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಕೊಂಡಿದೀನಿ.