ಖಂಡಗಳಿಲ್ಲದ ಗ್ರಹ

ಒಂದು ಕತೆಗಾಗಿ ಸುಮ್ನೆ ಒಂದು ಗ್ರಹ ಕಟ್ಟುತ್ತಿದ್ದೇನೆ. ನಮ್ಮ ಭೂಮಿಯ ಮೇಲ್ಮೈಯಲ್ಲಿ ಶೇ. 71ರಷ್ಟು ನೀರು. ಅಲ್ಲಿ ಶೇ. 98 ಅಂತ ಇಟ್ಟುಕೊಂಡೆ. ಉಳಿದಿದ್ದೆಲ್ಲ ಚಿಕ್ಕ ಚಿಕ್ಕ ದ್ವೀಪ.

ಮೊದಲು ಮಾಯವಾಗಿದ್ದು ಮುಂಗಾರು. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಆ ವ್ಯತ್ಯಾಸವೇ ಕಡಲಿನ ತೇವದ ಗಾಳಿಯನ್ನು ನೆಲದತ್ತ ಎಳೆಯುವುದು. ದೊಡ್ಡ ನೆಲವೇ ಇಲ್ಲದಿದ್ದರೆ ನಮ್ಮಂಥ ಮಳೆಗಾಲವೂ ಇಲ್ಲ. ಗಾಳಿಗೂ ತಡೆಯಿಲ್ಲ. ಅಂಟಾರ್ಕ್ಟಿಕಾ ಸುತ್ತಲಿನ ಕಡಲಿನ ಹಾಗೆ ಅಲೆಗಳು ಎದ್ದೆದ್ದು ಬರುತ್ತವೆ.

ಇನ್ನು ಜನ? ಇಲ್ಲಿ ಕಲ್ಪನೆ ಜಾಸ್ತಿ ಬೇಕಾಗಲಿಲ್ಲ, ಪೆಸಿಫಿಕ್ ಇದೆ ಅಲ್ವಾ! ಅಲ್ಲಿನ ಹವಳ ದ್ವೀಪಗಳಲ್ಲಿ ನದಿಯಿಲ್ಲ, ಲೋಹದ ಅದಿರಿಲ್ಲ. ಮರ ಕೆತ್ತುವ ಬಾಚಿಯನ್ನು ಚಿಪ್ಪಿನಿಂದಲೇ ಮಾಡಿಕೊಂಡರು, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ದೋಣಿ ಕಟ್ಟಿದರು. ಮಾರ್ಷಲ್ ದ್ವೀಪದವರ ನಕ್ಷೆಯಂತೂ ನನಗೆ ತುಂಬಾ ಇಷ್ಟ. ಕಡ್ಡಿಗಳನ್ನು ಕಟ್ಟಿ ಮಾಡಿದ್ದು. ಕಡ್ಡಿ ಬಾಗಿದ ರೀತಿಯೇ ಅಲೆ ಬಾಗುವ ರೀತಿ, ಅಂಟಿಸಿದ ಚಿಪ್ಪು ಅಂದರೆ ದ್ವೀಪ. ಅದನ್ನು ದೋಣಿಗೆ ಒಯ್ಯುತ್ತಿರಲಿಲ್ಲ. ದಡದಲ್ಲೇ ಕಲಿತು, ತಲೆಯಲ್ಲಿಟ್ಟುಕೊಂಡು ಹೊರಡುತ್ತಿದ್ದರು. 1976ರಲ್ಲಿ ಸತವಾಲ್ ದ್ವೀಪದ ಮೌ ಪಿಯಾಲುಗ್ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ತಹಿಟಿಗೆ ಹೊಕುಲೆಯಾ ದೋಣಿಗೆ ದಾರಿ ತೋರಿಸಿದರು. ನಕ್ಷತ್ರ, ಅಲೆ, ಹಕ್ಕಿ, ಅಷ್ಟೇ.

ಹಾಗಾದರೆ ನನ್ನ ಗ್ರಹದಲ್ಲಿ ಯಜಮಾನ ಯಾರು? ಎಕರೆಗಟ್ಟಲೆ ಜಮೀನಿದ್ದವನಂತೂ ಅಲ್ಲ. ದಾರಿ ಬಲ್ಲವಳೋ, ಸಿಹಿನೀರಿನ ಬಾವಿ ಇರುವವನೋ? ಸದ್ಯಕ್ಕೆ ಇಬ್ಬರನ್ನೂ ಒಂದೇ ದ್ವೀಪದಲ್ಲಿ ಬಿಟ್ಟಿದ್ದೇನೆ. ಕತೆಗೆ ಜಗಳ ಬೇಕಲ್ಲ.